ಚೆನ್ನಕ್ಕನಿಲ್ಲದ ಒಂದನೇ ನಂಬರು

ಕಳೆದ ವಾರ ಬಾಶೆಟ್ಟಿಹಳ್ಳಿಯಿಂದ ವಾಪಸು ಬರುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕಿರಣ ಫೋನು ನೋಡುತ್ತಾ ಒಂದೇ ಸಮನೆ ಗೊಣಗುತ್ತಿದ್ದ. ನಮ್ಮ ಪ್ಯಾಕಿಂಗ್ ವಿಭಾಗದವನು, ಮದುವೆ ಗೊತ್ತಾಗಿದೆ. ಹುಡುಗಿಯ ಕಡೆಯವರು ಏನಾದರೂ ತಕರಾರು ತೆಗೆದರೇನೋ ಎಂದುಕೊಂಡು ಏನಾಯಿತಪ್ಪಾ ಎಂದು ಕೇಳಿದೆ.

"ಮಿಂಚುಗಾಲ ಮಾರ ಇದಾನಲ್ಲ ಅಣ್ಣ, ಅವನ ಪುಸ್ತಕನ ಮತ್ತೆ ನಂಬರ್ ಒಂದರಿಂದ ಶುರು ಮಾಡ್ತಾರಂತೆ. ಇಷ್ಟು ವರ್ಷ ನಾವು ಓದಿದ್ದೆಲ್ಲ ಏನು ಹಂಗಾದ್ರೆ? ಲೆಕ್ಕಕ್ಕಿಲ್ವಾ?"

ಫೋನು ನನ್ನ ಮುಖದ ಹತ್ತಿರ ಹಿಡಿದ. ಹೊಸ ಮುಖಪುಟದ ಚಿತ್ರ, ಅದರ ಕೆಳಗೆ ಉದ್ದಕ್ಕೂ ಜನರ ಬೈಗುಳ. ಒಬ್ಬ ಇನ್ನು ಮೇಲೆ ಕೊಳ್ಳುವುದೇ ಇಲ್ಲ ಎಂದು ಆಣೆ ಇಟ್ಟಿದ್ದ. ಇನ್ನೊಬ್ಬ, ಮಾರನಿಗೆ ಎಷ್ಟು ಸಲ ನಾಮಕರಣ ಮಾಡ್ತೀರಿ, ತೊಟ್ಟಿಲು ಬಾಡಿಗೆಗೆ ತಂದಿದ್ದೀರಾ ಎಂದು ಕೇಳಿದ್ದ. ಕಿರಣನೂ ನಾಲ್ಕು ಸಾಲು ಬರೆದು, ಯಾರಾದರೂ ಮೆಚ್ಚಿದರೇ ಎಂದು ಗಳಿಗೆಗೊಂದು ಸಲ ನೋಡಿಕೊಳ್ಳುತ್ತಿದ್ದ. ನಾನು ಹೂಂ ಹೂಂ ಎಂದು ಕೂತೆ. ನಾನೂ ಒಂದು ಕಾಲಕ್ಕೆ ಇದೇ ಮಾರನಿಗಾಗಿ ಬೆಂಗಳೂರಿಗೆ ಜಗಳಕ್ಕೆ ಹೋಗಿದ್ದೆ ಎಂದು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ನಂಬಿದ್ದರೆ ಮುಂದಿನದನ್ನೂ ಕೇಳುತ್ತಿದ್ದ. ಆ ಮುಂದಿನದು ಬಸ್ಸಿನಲ್ಲಿ ಹೇಳುವಂಥದ್ದಲ್ಲ. ನಿಮಗೆ ಹೇಳುತ್ತೇನೆ, ನಿಧಾನವಾಗಿ ಕೇಳಿ.

ಮಾರನ ಪರಿಚಯ ಇಲ್ಲದವರಿಗೆ ಎರಡು ಮಾತು. ಅದು ತಿಂಗಳಿಗೊಂದು ಬರುತ್ತಿದ್ದ ಚಿತ್ರಕತೆಯ ಪುಸ್ತಕ. ಒಳಗೆ ಒರಟು ಕಾಗದ, ಹೊರಗೆ ಮಾತ್ರ ಬಣ್ಣ. ಮಾರ ಬೆಟ್ಟದ ಬುಡದ ಒಂದು ಹಳ್ಳಿಯವನು. ಚಿಕ್ಕಂದಿನಲ್ಲಿ ಹುಣಸೆಮರದ ಕೆಳಗೆ ನಿಂತಿದ್ದಾಗ ಸಿಡಿಲು ಬಡಿದು, ಮರ ಸುಟ್ಟುಹೋಗಿ, ಇವನ ಕಾಲಿಗೆ ಮಿಂಚು ಇಳಿದುಬಿಟ್ಟಿತು. ಅಂದಿನಿಂದ ಅವನು ಓಡಿದರೆ ಕಣ್ಣಿಗೆ ಕಾಣುವುದಿಲ್ಲ. ತಿಂಗಳಿಗೊಬ್ಬ ದುಷ್ಟನನ್ನು ಓಡಿ ಹಿಡಿಯುವುದು ಅವನ ಕೆಲಸ. ಮನೆಯಲ್ಲಿ ಅವನಿಗೆ ಇದ್ದವಳು ಒಬ್ಬಳೇ ಅಕ್ಕ, ಚೆನ್ನಕ್ಕ. ಅವಳು ಬರುತ್ತಿದ್ದದ್ದು ಮೊದಲ ಪುಟದಲ್ಲಿ ಒಂದು ಚಿತ್ರ, ಕೊನೆಯ ಪುಟದಲ್ಲಿ ಒಂದು ಚಿತ್ರ. ಮೊದಲ ಪುಟದಲ್ಲಿ ಮುದ್ದೆಯ ತಟ್ಟೆ ಹಿಡಿದು "ಉಂಡು ಹೋಗೋ" ಎನ್ನುತ್ತಾಳೆ, ಮಾರ ಉಣ್ಣದೆ ಓಡುತ್ತಾನೆ. ಕೊನೆಯ ಪುಟದಲ್ಲಿ ಮಾರ ಬಂದು ಉಣ್ಣುತ್ತಾನೆ. ಇಷ್ಟೇ ಅವಳ ಪಾತ್ರ.

ನನಗೂ ಒಬ್ಬಳೇ ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ನಮ್ಮವ್ವ ಕೂಲಿಗೆ ಹೋಗುತ್ತಿದ್ದುದರಿಂದ ನನ್ನನ್ನು ಎತ್ತಿಕೊಳ್ಳುವುದಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಅಕ್ಕ ಒಂದನೇ ಕ್ಲಾಸಿಗೆ ಸೇರಿದ ತಿಂಗಳಿಗೇ ಶಾಲೆ ಬಿಟ್ಟಳು. ಅವಳ ಸೊಂಟದ ಮೇಲೆ ಬೆಳೆದ ನಾನು ಆರನೇ ಕ್ಲಾಸಿಗೆ ಬಿಟ್ಟೆ. ನಾನು ಬಿಟ್ಟದ್ದಕ್ಕೆ ಅಂಥ ದೊಡ್ಡ ಕಾರಣವೇನೂ ಇರಲಿಲ್ಲ. ಭಿನ್ನರಾಶಿ ತಲೆಗೆ ಹತ್ತಲಿಲ್ಲ, ಮೇಷ್ಟರ ಕೈ ಬೆನ್ನಿಗೆ ಹತ್ತಿತು, ಅಷ್ಟೆ. ಅಕ್ಕನ ಮದುವೆಯಾಯಿತು, ಎರಡು ವರ್ಷಕ್ಕೆ ಅವಳು ವಾಪಸು ಬಂದಳು. ಅದು ಅವಳಿಗೇ ಬೇಡವಾದ ಕತೆ, ನಾವು ಎತ್ತುವುದು ಬೇಡ. ಅವ್ವ ತೀರಿಕೊಂಡ ಮೇಲೆ ನಾವಿಬ್ಬರೂ ದೊಡ್ಡಬಳ್ಳಾಪುರಕ್ಕೆ ಬಂದು, ಒಂದು ಗಲ್ಲಿಯ ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆವು. ಶೆಡ್ಡಿನ ಹಿಂದೆಯೇ ಒಂದು ಕೋಣೆ, ಅದೇ ಮನೆ.

ಮಗ್ಗದ ಕೆಲಸದಲ್ಲಿ ಒಂದು ಸಂಗತಿ ನಿಮಗೆ ಗೊತ್ತಿರಬೇಕು. ಸೀರೆಯ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎನ್ನುತ್ತೇವೆ. ಒಂದು ಹಾಸು ಮುಗಿಯುತ್ತಾ ಬಂದಾಗ ಅದನ್ನು ಪೂರ್ತಿ ಮುಗಿಸಿಬಿಡುವುದಿಲ್ಲ. ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಾ ಕೂತರೆ ಸೊಂಟ ಮರಗಟ್ಟುತ್ತದೆ. ಈ ಕೆಲಸದಲ್ಲಿ ನಮ್ಮ ಗಲ್ಲಿಯಲ್ಲಿ ಅಕ್ಕನದು ಒಳ್ಳೆಯ ಕೈ. ಅಕ್ಕಪಕ್ಕದ ಶೆಡ್ಡಿನವರೂ ಕರೆಯುತ್ತಿದ್ದರು.

ದೇವನಹಳ್ಳಿಯ ಕಡೆ ಏರ್‌ಪೋರ್ಟು ಕಟ್ಟುತ್ತಿದ್ದ ಕಾಲ ಅದು. ಆ ದಿಕ್ಕಿನಲ್ಲಿ ಇರುಳೆಲ್ಲ ಬೆಳಕು, ನಮ್ಮ ಗಲ್ಲಿಯಲ್ಲಿ ಹಗಲೆಲ್ಲ ಕರೆಂಟಿಲ್ಲ. ಕರೆಂಟು ಹೋದರೆ ಗಲ್ಲಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ದಿನವಿಡೀ ಕಿವಿಯಲ್ಲಿ ತುಂಬಿಕೊಂಡಿದ್ದ ಸದ್ದು ಇದ್ದಕ್ಕಿದ್ದಂತೆ ಇಲ್ಲವಾದಾಗ ಪಕ್ಕದ ಮನೆಯ ಒಗ್ಗರಣೆಯೂ ಕೇಳುತ್ತದೆ. ಅಂಥ ಒಂದು ಮಧ್ಯಾಹ್ನ ಅಕ್ಕ ಹಾಸು ಕೂಡಿಸುತ್ತಿದ್ದಳು, ಅವಳ ಕೆಲಸಕ್ಕೆ ಕರೆಂಟು ಬೇಡ. ನಾನು ನೆಲದ ಮೇಲೆ ಉರುಳಿಕೊಂಡು ಮಾರನನ್ನು ಓದುತ್ತಾ ನಗುತ್ತಿದ್ದೆ.

"ಜೋರಾಗಿ ಓದೋ. ಒಬ್ಬೊಬ್ನೇ ನಗ್ತಾ ಇದ್ರೆ ನೋಡ್ದೋರು ಏನಂದ್ಕೋತಾರೆ."

ಹಾಗೆ ಶುರುವಾಯಿತು. ಆಮೇಲೆ ಕರೆಂಟು ಹೋಗುವುದನ್ನೇ ಕಾಯುವ ಹಾಗಾಯಿತು. ಅಕ್ಕನಿಗೆ ಹೊಡೆದಾಟ ಬೇಕಿರಲಿಲ್ಲ. ನಾನು ಢಿಶುಂ ಢಿಶುಂ ಎಂದು ಉಸಿರು ಕಟ್ಟಿ ಓದುತ್ತಿದ್ದರೆ, "ಅದಿರ್ಲಿ, ಆಮೇಲೆ?" ಎನ್ನುತ್ತಿದ್ದಳು. ಆಮೇಲೆ ಎಂದರೆ ಕೊನೆಯ ಪುಟ. ಅಲ್ಲಿ ಚೆನ್ನಕ್ಕ ಬಡಿಸಬೇಕು, ಮಾರ ಉಣ್ಣಬೇಕು. ಉಂಡನೆಂದು ಓದಿದ ಮೇಲೆ ಅವಳಿಗೆ ಸಮಾಧಾನ. "ಪಾಪ, ಬೆಳಗಿಂದ ಕಾದಿದ್ಲು," ಎಂದು ಚೆನ್ನಕ್ಕನ ಪರವಾಗಿ ಒಂದು ಮಾತು ಹೇಳಿ ಮತ್ತೆ ಎಳೆ ಹುಡುಕುತ್ತಿದ್ದಳು.

ಹೀಗಿರುವಾಗ ನೂರಾ ಅರವತ್ಮೂರನೇ ನಂಬರು ಬಂತು. ಅದರ ಮುಂದಿನ ತಿಂಗಳು ಬಸ್‌ಸ್ಟ್ಯಾಂಡಿನ ಗೋಪಾಲಣ್ಣನ ಪೇಪರ್ ಅಂಗಡಿಗೆ ಹೋದರೆ, ಮುಖಪುಟದ ಮೇಲೆ ದೊಡ್ಡದಾಗಿ 'ಹೊಸ ಮಾರ, ನಂಬರ್ 1' ಎಂದಿತ್ತು. ಅಂಗಡಿಯ ಮುಂದೆ ಆಗಲೇ ಇಬ್ಬರು ನಿಂತಿದ್ದರು. ಒಬ್ಬ ನಮ್ಮ ಪಕ್ಕದ ಶೆಡ್ಡಿನ ಮಗ್ಗದವನು ಮುನಿರಾಜು, ನನ್ನದೇ ವಯಸ್ಸು. ಇನ್ನೊಬ್ಬರು ಟೈಲರ್ ರಿಯಾಜಣ್ಣ. ರಿಯಾಜಣ್ಣ ತಮ್ಮ ಜೀವಮಾನವನ್ನೆಲ್ಲ ಮಾರನ ನಂಬರಿನಲ್ಲಿ ಲೆಕ್ಕ ಇಟ್ಟುಕೊಂಡಿದ್ದವರು. ಅಂಗಡಿ ಹಾಕಿದ್ದು ಇಂಥ ನಂಬರಿಗೆ, ಮದುವೆಯಾದದ್ದು ಇಂಥ ನಂಬರಿಗೆ ಎಂದೇ ಹೇಳುತ್ತಿದ್ದರು.

"ನನ್ ದೊಡ್ಮಗ ಹುಟ್ಟಿದ್ದು ನೂರಾ ಹನ್ನೆರಡನೇ ನಂಬರ್ ಬಂದ ದಿನ," ಎಂದರು ಗೋಪಾಲಣ್ಣನಿಗೆ, ಅವನದೇ ತಪ್ಪು ಎಂಬ ಹಾಗೆ. "ಈಗ ಒಂದು ಅಂದ್ರೆ ಏನರ್ಥ? ನನ್ ಮಗ ಇನ್ನೂ ಹುಟ್ಟೇ ಇಲ್ಲ ಅಂತಾಯ್ತಲ್ಲಪ್ಪ."

"ಹುಟ್ಟಿಲ್ದೆ ಇದ್ರೆ ಒಳ್ಳೇದಾಯ್ತು ಬಿಡಣ್ಣ, ಸ್ಕೂಲ್ ಫೀಜು ಮಿಕ್ತು," ಎಂದ ಗೋಪಾಲಣ್ಣ.

ಮುನಿರಾಜು ಅಲ್ಲೇ ನಿಂತು ಪುಸ್ತಕ ಓದಿ ಮುಗಿಸಿದ್ದ. ಹೊಸ ಮಾರ ಮೊದಲ ಪುಟದಲ್ಲೇ ವಿಮಾನದಿಂದ ಇಳಿಯುತ್ತಾನೆ. ಕಪ್ಪು ಕೋಟು, ನಿಮಿರಿಸಿದ ಕೂದಲು. ಅಪ್ಪ ಅಮ್ಮ ಸತ್ತು ಪರದೇಶದ ಅನಾಥಾಶ್ರಮದಲ್ಲಿ ಬೆಳೆದವನು. ಕಾಲಿಗೆ ಮಿಂಚು ಬಂದದ್ದು ಸಿಡಿಲಿನಿಂದಲ್ಲ, ಯಾವನೋ ಡಾಕ್ಟರು ಚುಚ್ಚಿದ ಸೂಜಿಯಿಂದ.

"ನಮ್ ಕಡೆಗೆ ಏರ್‌ಪೋರ್ಟ್ ಬಂತಲ್ಲ, ಅದಕ್ಕೇ ಇವ್ನಿಗೂ ದೊಡ್ಡಸ್ತಿಕೆ ಬಂದ್ಬಿಡ್ತು," ಎಂದ ಮುನಿರಾಜು.

ಬೈದವರೆಲ್ಲ ಒಂದೊಂದು ಕೊಂಡೆವು. ಅದೊಂದು ವಿಚಿತ್ರ. ಕೊಳ್ಳದೆ ಬೈಯುವುದು ನ್ಯಾಯವಲ್ಲ ಎಂದು ರಿಯಾಜಣ್ಣನೇ ಹೇಳಿದರು. ಆಮೇಲೆ ಗೋಪಾಲಣ್ಣನ ಬಾಲ್‌ಪೆನ್ನು ಇಸಿದುಕೊಂಡು, ಮುಖಪುಟದ ಒಂದನ್ನು ಹೊಡೆದುಹಾಕಿ, ಪಕ್ಕದಲ್ಲಿ ನೂರಾ ಅರವತ್ನಾಲ್ಕು ಎಂದು ಬರೆದರು. ಮುನಿರಾಜುವೂ ಬರೆದ, ನಾನೂ ಬರೆದೆ. ಮುಂದಿನ ಭಾನುವಾರ ಬೆಂಗಳೂರಿಗೆ, ಪುಸ್ತಕ ಮಾಡುವವರ ಆಫೀಸಿಗೇ ಹೋಗಿ ಕೇಳಿಬಿಡುವುದು ಎಂದು ತೀರ್ಮಾನವಾಯಿತು.

ನಾನು ಮನೆಗೆ ಬಂದು ಅಕ್ಕನಿಗೆ ಓದಿ ಹೇಳಿದೆ. ಹೊಡೆದಾಟ ಬಂತು, ಹೋಯಿತು. ಕೊನೆಯ ಪುಟದಲ್ಲಿ ಮಾರ ಯಾವುದೋ ಎತ್ತರದ ಕಟ್ಟಡದ ತುದಿಯಲ್ಲಿ ಒಬ್ಬನೇ ನಿಂತಿದ್ದ.

"ಉಂಡ್ನಾ?"

"ಇಲ್ಲ ಅಕ್ಕ. ಇದ್ರಲ್ಲಿ ಚೆನ್ನಕ್ಕ ಇಲ್ಲ."

"ಎಲ್ಲಿಗ್ ಹೋದ್ಲು?"

"ಎಲ್ಲಿಗೂ ಹೋಗಿಲ್ಲ. ಮೊದ್ಲಿಂದ ಶುರು ಮಾಡಿದಾರೆ. ಹೊಸ ಮಾರನಿಗೆ ಅಕ್ಕ ಇಲ್ಲ."

ಅಕ್ಕ ಹೊಸೆಯುತ್ತಿದ್ದ ಎಳೆ ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ಗೋಪಾಲಣ್ಣನ ಅಂಗಡಿಯ ಮುಂದೆ ನಾವು ಅಷ್ಟು ಹೊತ್ತು ಕೂಗಾಡಿದ್ದೆವಲ್ಲ, ನಂಬರು, ಕೋಟು, ಕೂದಲು, ಸೂಜಿ ಎಂದು. ಚೆನ್ನಕ್ಕನ ಹೆಸರು ಒಬ್ಬರ ಬಾಯಲ್ಲೂ ಬಂದಿರಲಿಲ್ಲ, ನನ್ನ ಬಾಯಲ್ಲೂ.

"ಹೊಸ ಹಾಸು ಬಂತು ಅಂತ ಮಗ್ಗದಲ್ಲಿರೋ ತುದೀನ ಯಾರಾದ್ರೂ ಕಿತ್ ಬಿಸಾಕ್ತಾರೇನೋ? ಎಳೆಗೆ ಎಳೆ ಕೂಡಿಸ್ಕೊಂಡು ಹೋಗ್ಬೇಕು. ಅವರಿಗೆ ತಿಳೀದಿದ್ರೆ ನೀನಾದ್ರೂ ಹೇಳು. ಭಾನುವಾರ ಹೋಗ್ತೀರಲ್ಲ, ಚೆನ್ನಕ್ಕ ಏನಾದ್ಲು ಅಂತ ಕೇಳ್ಕೊಂಡ್ ಬಾ."

ಅವಳು ನನ್ನಲ್ಲಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಕಡಿಮೆ. ಆಯಿತು ಎಂದೆ.

ಭಾನುವಾರ ಮೂವರೂ ಹೊರಟೆವು. ಯಲಹಂಕದಿಂದ ಆಚೆ ರಸ್ತೆಯನ್ನು ಪೂರ್ತಿ ಅಗೆದು ಹಾಕಿದ್ದರು. ಜಲ್ಲಿ ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಹೋಗಿ ಇಳಿಯುವ ಹೊತ್ತಿಗೆ ರಿಯಾಜಣ್ಣನ ಬಿಳಿ ಅಂಗಿ ರಾಗಿ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಆಫೀಸೆಂದರೆ ಪ್ರೆಸ್ಸಿನ ಮೇಲಿನ ಒಂದು ಕೋಣೆ. ಕನ್ನಡಕದ ಒಬ್ಬರು ಡಬ್ಬಿ ಬಿಚ್ಚಿಕೊಂಡು ಚಿತ್ರಾನ್ನ ತಿನ್ನುತ್ತಿದ್ದರು. ಭಾನುವಾರವೂ ಕೆಲಸ ಮಾಡುವ ಮನುಷ್ಯನನ್ನು ಕಂಡು ನಮ್ಮ ಅರ್ಧ ಸಿಟ್ಟು ಇಳಿಯಿತು. ಕೂತ್ಕೊಳ್ಳಿ ಎಂದರು. ಕುರ್ಚಿ ಒಂದೇ ಇತ್ತು, ಮೂವರೂ ನಿಂತೇ ಇದ್ದೆವು.

ರಿಯಾಜಣ್ಣ ಮಗ ಹುಟ್ಟದೇ ಹೋದ ಕತೆ ಹೇಳಿದರು. ಮುನಿರಾಜು ಸಿಡಿಲಿಗೂ ಸೂಜಿಗೂ ಇರುವ ವ್ಯತ್ಯಾಸ ಹೇಳಿದ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೈ ತೊಳೆದುಕೊಂಡು ಬಂದರು.

"ನೋಡಿ, ನೂರಾ ಅರವತ್ನಾಲ್ಕು ಅಂತ ಹಾಕಿದ್ರೆ ಹೊಸಬ್ರು ಹೆದ್ರುಕೋತಾರೆ. ಹಿಂದಿಂದೆಲ್ಲ ಎಲ್ಲಿ ಹುಡುಕ್ಲಿ ಅಂತ ಅಲ್ಲೇ ಇಟ್ಟು ಹೋಗ್ತಾರೆ. ಒಂದು ಅಂದ್ರೆ ಧೈರ್ಯವಾಗಿ ತಗೋತಾರೆ. ನಿಮ್ ಮೂರು ಜನಕ್ಕೋಸ್ಕರ ಪ್ರೆಸ್ ನಡ್ಸೋಕಾಗುತ್ತಾ, ಹೇಳಿ." ಆಮೇಲೆ ನನ್ನ ಕಡೆ ತಿರುಗಿ, "ನಿಂದೇನಪ್ಪಾ? ನೀನು ಮಾತೇ ಆಡ್ಲಿಲ್ಲ," ಎಂದರು.

ನನ್ನ ಬಾಯಿ ತೆರೆಯಿತು. ಆ ಮನುಷ್ಯ ಒಳ್ಳೆಯವನು, ನಿಜವಾಗಿಯೂ ಕೇಳಿಸಿಕೊಳ್ಳಲು ಸಿದ್ಧನಿದ್ದ. ಆದರೆ ಮುನಿರಾಜು ಮತ್ತು ರಿಯಾಜಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಬ್ಬರೂ ಗಂಡಸರು ಆಡುವಂಥ ಮಾತಾಡಿದ್ದರು. ನಾನೀಗ ಮುದ್ದೆಯ ತಟ್ಟೆ ಹಿಡಿದುಕೊಂಡು ಎರಡು ಚಿತ್ರದಲ್ಲಿ ನಿಲ್ಲುವ ಹೆಂಗಸು ಎಲ್ಲಿ ಹೋದಳೆಂದು ಕೇಳಬೇಕು, ಅದೂ ನಮ್ಮಕ್ಕ ಹೇಳಿಕಳಿಸಿದ್ದಾಳೆ ಎಂದು.

"ನಂದೂ ಅದೇ ಸಾರ್. ನಂಬರ್ದೇ," ಎಂದೆ.

ಮನೆಗೆ ಬಂದಾಗ ಅಕ್ಕ ಉಣ್ಣದೆ ಕಾದಿದ್ದಳು. ಕೈ ತೊಳೆಯುವುದಕ್ಕೂ ಬಿಡದೆ ಏನಂದ್ರು ಎಂದು ಕೇಳಿದಳು. ಕೇಳಲಿಲ್ಲ ಎಂದು ಹೇಳಬಹುದಿತ್ತು. ಇಲ್ಲವಂತೆ ಎಂದಾದರೂ ಹೇಳಬಹುದಿತ್ತು. ನಾನು ಹೇಳಿದ್ದು, "ಇದಾಳಂತೆ ಅಕ್ಕ. ಮುಂದಿನ ತಿಂಗಳಿಂದ ಬರ್ತಾಳಂತೆ."

"ನೋಡ್ದಾ, ಕೇಳಿದ್ದು ಒಳ್ಳೇದಾಯ್ತು," ಎಂದು ನನಗೆ ಇನ್ನೊಂದು ಮುದ್ದೆ ಹಾಕಿದಳು.

ಮುಂದಿನ ತಿಂಗಳಿಂದ ಚೆನ್ನಕ್ಕನನ್ನು ತರುವ ಕೆಲಸ ನನ್ನ ತಲೆಗೆ ಬಿತ್ತು. ಪುಸ್ತಕ ಬಿಡಿಸಿ ಹಿಡಿದುಕೊಂಡು, ಇದ್ದದ್ದನ್ನು ಓದುತ್ತಾ, ನಡುನಡುವೆ ಇಲ್ಲದ್ದನ್ನು ಸೇರಿಸುತ್ತಿದ್ದೆ. ಅವಳ ಚಿತ್ರ ಎಲ್ಲಿ ಎಂದು ಅಕ್ಕ ಕೇಳಿದಾಗ, ಈಗ ಚಿತ್ರ ಹಾಕುವುದಿಲ್ಲ, ಬರೀ ಬರವಣಿಗೆಯಲ್ಲಿ ಬರುತ್ತಾಳೆ ಎಂದಿದ್ದೆ. ಚೆನ್ನಕ್ಕ ರಾಗಿ ಹಿಟ್ಟಿನ ಗಂಟು ಹೊತ್ತುಕೊಂಡು ತಮ್ಮನನ್ನು ಹುಡುಕಲು ವಿಮಾನ ಹತ್ತಿದಳು. ಪರದೇಶದ ಪೊಲೀಸಿನವನು ಇದೇನು ಪುಡಿ ಎಂದು ತಡೆದ. ಚೆನ್ನಕ್ಕ ಅಲ್ಲೇ ಒಲೆ ಹೂಡಿ ಮುದ್ದೆ ಮಾಡಿ ಅವನ ಬಾಯಿಗೆ ತುರುಕಿದಳು. ಅದನ್ನು ಕೇಳಿ ಅಕ್ಕ ನಕ್ಕ ನಗುವಿಗೆ ಕೈಯಲ್ಲಿದ್ದ ಎಳೆಗಳು ಜಾರಿ, ಮತ್ತೆ ಮೊದಲಿಂದ ಹುಡುಕಬೇಕಾಯಿತು. ನಿಜ ಹೇಳಬೇಕೆಂದರೆ ನನಗೂ ಹೆಮ್ಮೆಯಾಗುತ್ತಿತ್ತು. ಭಿನ್ನರಾಶಿ ಬಾರದ ತಲೆಯಲ್ಲಿ ಇದೆಲ್ಲ ಎಲ್ಲಿತ್ತೋ. ಸುಳ್ಳು ಇಷ್ಟು ನಗಿಸುವುದಾದರೆ ಅದರಲ್ಲಿ ತಪ್ಪೇನು ಎಂದುಕೊಂಡಿದ್ದೆ.

ಒಂದು ದಿನ ಅಕ್ಕ ಸಂತೆಯಿಂದ ಬರುವಾಗ ಒಂದು ಸ್ಲೇಟು, ಬಳಪದ ಪೊಟ್ಟಣ ತಂದಳು.

"ನಂಗೂ ಓದೋದ್ ಹೇಳ್ಕೊಡೋ. ನೀನಿಲ್ದಿದ್ದಾಗ ನಾನೇ ಓದ್ಕೋತೀನಿ. ಎಲ್ಲ ಬೇಡ, ಚೆನ್ನಕ್ಕ ಮಾತಾಡೋದು ಓದೋಕೆ ಬಂದ್ರೆ ಸಾಕು." ಹೊಸ ಪುಸ್ತಕ ಎತ್ತಿಕೊಂಡು ನನ್ನ ಮುಂದೆ ಹಿಡಿದಳು. "ಚೆನ್ನಕ್ಕ ಅಂತ ಎಲ್ಲಿದೆ ತೋರ್ಸು. ಅಲ್ಲಿಂದ್ಲೇ ಶುರು ಮಾಡಣ."

ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಕೈಗೆ ಸಿಕ್ಕ ಯಾವುದೋ ಪದದ ಮೇಲೆ ಬೆರಳಿಟ್ಟು ಇದೇ ಎಂದೆ. ಅಕ್ಕ ಬೂದಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಆ ಅಕ್ಷರಗಳ ಮೇಲೆ ಮೆಲ್ಲಗೆ ಆಡಿಸಿದಳು. ಬಹಳ ಹೊತ್ತು ನೋಡಿದಳು. ಎಳೆ ಗುರುತು ಹಿಡಿಯುವ ಕಣ್ಣು ಅದು. ಮುಂದಿನ ತಿಂಗಳ ಪುಸ್ತಕದಲ್ಲಿ ತೋರಿಸು ಎಂದಾಗ ನಾನು ಹಿಂದೆ ತೋರಿಸಿದ್ದು ಯಾವುದೆಂದು ಮರೆತು ಇನ್ನೊಂದು ಪದ ತೋರಿಸಿದೆ.

"ಹೋದ್ ತಿಂಗ್ಳು ಹಿಂಗಿರ್ಲಿಲ್ವಲ್ಲೋ."

"ಅದು ಹಂಗೇ ಅಕ್ಕ. ಒಂದೇ ಮಾತನ್ನ ಒಂದೊಂದ್ ಸಲ ಒಂದೊಂದ್ ಥರ ಬರೀತಾರೆ."

"ಹೌದಾ? ಮತ್ತೆ ಓದೋರಿಗೆ ಹೆಂಗ್ ಗೊತ್ತಾಗುತ್ತೆ?"

"ಓದಿ ಓದಿ ಅಭ್ಯಾಸ ಆಗಿರುತ್ತೆ."

"ಹಂಗಾದ್ರೆ ಕಷ್ಟ," ಎಂದಳು. ಆದರೂ ಬಿಡಲಿಲ್ಲ. ವಾರಕ್ಕೊಂದು ಸಲವಾದರೂ ಸ್ಲೇಟು ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಇವತ್ತು ಸುಸ್ತು, ಇವತ್ತು ಬೆಳಕಿಲ್ಲ, ಇವತ್ತು ಬಳಪ ಮೆದು ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದೆ. ಅವಳು ನಾಲ್ಕು ಅಕ್ಷರ ಸರಿಯಾಗಿ ಕಲಿತರೂ ನನ್ನ ಚೆನ್ನಕ್ಕ ಸಿಕ್ಕಿಬೀಳುತ್ತಿದ್ದಳು. ಕಡೆಗೆ ಸ್ಲೇಟು ಹಿಟ್ಟಿನ ಡಬ್ಬದ ಮೇಲೆ ಮುಚ್ಚಳವಾಗಿ ಕೂತಿತು.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಒಂದು ದಿನ ಕರೆಂಟು ಹೋದಾಗ ಮುನಿರಾಜು ನಮ್ಮ ಶೆಡ್ಡಿಗೆ ಬಂದ. ಅಕ್ಕ ಅವನಿಗೆ ಟೀ ಕೊಡುತ್ತಾ, "ಏನ್ ಮುನಿರಾಜು, ಈ ತಿಂಗ್ಳು ಚೆನ್ನಕ್ಕ ಏನ್ ಮಾಡಿದ್ಲು? ಇವ್ನು ಇನ್ನೂ ಓದಿಲ್ಲ," ಎಂದಳು.

"ಯಾವ ಚೆನ್ನಕ್ಕ?" ಎಂದ ಮುನಿರಾಜು.

ನಾನು ಕಣ್ಣು ಸನ್ನೆ ಮಾಡಿದೆ. ಅವನು ಜಾಣ, ಟೀಗೆ ಬಾಯಿಟ್ಟ. ಹೊರಗೆ ಹೋದ ಮೇಲೆ ಬಾಯಿಬಿಡಿಸಿದ. ನಾನು ಹೇಳಿದೆ, ನಗುತ್ತಲೇ ಹೇಳಿದೆ. ಸಂಜೆಯ ಹೊತ್ತಿಗೆ ಗೋಪಾಲಣ್ಣನ ಅಂಗಡಿಯ ಮುಂದೆ ನನಗೆ ಹೊಸ ಹೆಸರು ಕಾದಿತ್ತು. "ಬಾರಪ್ಪಾ ಚೆನ್ನಕ್ಕನ ತಮ್ಮ," ಎಂದರು ರಿಯಾಜಣ್ಣ. "ಉಂಡು ಬಂದ್ಯೇನಲಾ?" ಎಂದ ಮುನಿರಾಜು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು ಇರುತ್ತಿದ್ದ ಕಾಲ. ಆದರೆ ಆ ಹೆಸರು ಗಲ್ಲಿಗೂ ಬಂತು. ನಾನು ಮಗ್ಗದ ಮುಂದೆ ನಿಂತಿದ್ದರೆ ಹೊರಗೆ ಹೋಗುವವರು ಚೆನ್ನಕ್ಕನ ತಮ್ಮಾ ಎಂದು ಕೂಗಿ ಹೋಗುವರು. ಮಗ್ಗದ ಸದ್ದಿನಲ್ಲಿ ಅಕ್ಕನಿಗೆ ಕೇಳಿಸುತ್ತಿರಲಿಲ್ಲ, ನನಗೆ ಮಾತ್ರ ಅವರ ತುಟಿ ನೋಡಿದರೇ ಗೊತ್ತಾಗುತ್ತಿತ್ತು.

ಅದರ ಮುಂದಿನ ತಿಂಗಳ ಪುಸ್ತಕ ಬಂತು. ಕರೆಂಟು ಹೋಯಿತು. ಅಕ್ಕ ಹಾಸಿನ ಮುಂದೆ ಕೂತು ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೂಂ ಓದು ಎಂದಳು. ನಾನು ಮೊದಲ ಪುಟ ತೆರೆದೆ. ತೆರೆಯುವವರೆಗೂ ಏನು ಓದುತ್ತೇನೆಂದು ನನಗೇ ಗೊತ್ತಿರಲಿಲ್ಲ.

"ಚೆನ್ನಕ್ಕ ತೀರಿಕೊಂಡಳು," ಎಂದು ಓದಿದೆ.

ಅಕ್ಕನ ಕೈ ನಿಂತಿತು. "ಏನಾಗಿತ್ತು?"

"ಜ್ವರ."

"ತಮ್ಮ ಬಂದ್ನಾ?"

"ಇಲ್ಲ. ಅವ್ನಿಗೆ ವಿಮಾನ ಸಿಗ್ಲಿಲ್ಲ."

ಜ್ವರ ಬರಿಸಿದ್ದಾಯಿತು, ಸಾಯಿಸಿದ್ದಾಯಿತು. ತಮ್ಮನನ್ನಾದರೂ ಕಳಿಸಬಹುದಿತ್ತು. ಮಿಂಚುಗಾಲಿನವನಿಗೆ ವಿಮಾನ ಯಾಕೆ ಬೇಕಿತ್ತು ಎಂದು ಅಕ್ಕ ಕೇಳಲಿಲ್ಲ. "ಹೋಗ್ಲಿ ಬಿಡು," ಎಂದಳು. ಯಾರಿಗೆ ಹೇಳಿದಳೋ. ಉಳಿದದ್ದನ್ನು ನಾನು ಜೋರಾಗಿ ಓದುತ್ತಲೇ ಹೋದೆ, ಅವಳು ಕೂಡಿಸುತ್ತಲೇ ಹೋದಳು. ಅವತ್ತಿನ ಹಾಸಿನಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

ಆಮೇಲೆ ಅವಳು ನನ್ನನ್ನು ಓದು ಎನ್ನಲಿಲ್ಲ. ಸ್ಲೇಟು ತೆಗೆಯಲಿಲ್ಲ. ಕರೆಂಟು ಹೋದಾಗ ನಾನೇ ಎರಡು ಸಲ ಓದ್ಲಾ ಎಂದು ಕೇಳಿದೆ. "ನೀನ್ ಓದ್ಕೋ, ನಂಗೆ ಕೆಲ್ಸ ಇದೆ," ಎಂದಳು. ನನಗೂ ಮಾರ ಬೇಡವಾದ. ಏರ್‌ಪೋರ್ಟು ಶುರುವಾದ ಮೇಲೆ ಮುನಿರಾಜು ಅಲ್ಲಿ ಸಾಮಾನು ಎತ್ತುವ ಕೆಲಸಕ್ಕೆ ಹೋದ. ನಮ್ಮ ಶೆಡ್ಡಿನ ಯಜಮಾನರು ಮಗ್ಗ ಮಾರಿದರು. ನಾನು ಬಾಶೆಟ್ಟಿಹಳ್ಳಿಯ ಕಂಪನಿಗೆ ಸೇರಿ, ಮದುವೆಯಾಗಿ, ಅಲ್ಲೇ ಹತ್ತಿರ ಮನೆ ಮಾಡಿದೆ. ಅಕ್ಕ ಹಳೆಯ ಗಲ್ಲಿಯಲ್ಲೇ ಉಳಿದಳು. ಹಾಸು ಕೂಡಿಸಲು ಅವಳನ್ನು ಈಗಲೂ ಕರೆಯುತ್ತಾರೆ.

ಕಿರಣನ ಫೋನು ನೋಡಿದ ಮೇಲೆ ಬಂದ ಭಾನುವಾರ ಅಕ್ಕನ ಮನೆಗೆ ಹೋದೆ. ಅವರೆಕಾಯಿ ಕಾಲ. ನೆನೆಸಿದ ಕಾಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. ಅವಳು ಮರೆತಿದ್ದರೆ ಎಂಬ ಆಸೆ ಸ್ವಲ್ಪ ಇತ್ತು. ಚೆನ್ನಕ್ಕ ನೆನಪಿದ್ದಾಳಾ ಎಂದು ಕೇಳಿದೆ.

"ಜ್ವರ ಬಂದು ಹೋದ್ಲಲ್ಲ, ಅವಳಾ?"

ಎಲ್ಲವನ್ನೂ ಹೇಳಿದೆ. ಆಫೀಸಿನಲ್ಲಿ ಬಾಯಿ ಬಾರದ್ದು, ರಾಗಿ ಹಿಟ್ಟು, ಸುಳ್ಳು ಪದದ ಮೇಲೆ ಬೆರಳಿಟ್ಟದ್ದು, ಸ್ಲೇಟನ್ನು ತಪ್ಪಿಸಿದ್ದು, ಜ್ವರ. ಅಕ್ಕ ಕಾಳು ಹಿಸುಕುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದಳು.

"ಅವತ್ತು ನಿಂಗೆ ನನ್ ಮೇಲೆ ಏನ್ ಕೋಪ ಇತ್ತು?"

"ನಿನ್ ಮೇಲಲ್ಲ ಅಕ್ಕ. ಎಲ್ರೂ ಚೆನ್ನಕ್ಕನ ತಮ್ಮ ಅಂತ ಕರೀತಿದ್ರು."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

"ಅದ್ರಲ್ಲಿ ಬೈಗುಳ ಏನಿತ್ತೋ?"

ನಾನು ಬಿಡಿಸಿದ ಕಾಳೆಲ್ಲ ನುಜ್ಜುಗುಜ್ಜಾಗಿದ್ದವು. ಅವಳು ಅವನ್ನು ಬೇರೆ ತಟ್ಟೆಗೆ ಸರಿಸಿದಳು.

"ಚೆನ್ನಕ್ಕಂದು ಹೋಗ್ಲಿ. ಅದು ಕತೆ, ಸತ್ರೆ ಸತ್ಲು. ಅಕ್ಷರ ಒಂದೊಂದ್ ಸಲ ಒಂದೊಂದ್ ಥರ ಬರೀತಾರೆ ಅಂದ್ಯಲ್ಲ, ಅದನ್ನ ನಾನು ಇವತ್ತಿನವರ್ಗೂ ನಂಬ್ಕೊಂಡಿದ್ದೆ ಕಣೋ. ಈಗ ಹೆಂಗಸ್ರಿಗೆ ಬಸ್ಸು ಪುಕ್ಕಟೆ ಅಂತ ನಾವು ಮೂರ್ನಾಲ್ಕು ಜನ ಎಲ್ಲೆಲ್ಲೋ ಹೋಗ್ತೀವಿ. ಒಂದು ಬೋರ್ಡು ನೋಡ್ದಾಗ, ಅರೆ, ಇದು ಹೋದ ವಾರ ಹತ್ತಿದ್ ಬಸ್ಸಿನ ಬೋರ್ಡಿನ ಥರಾನೇ ಇದೆಯಲ್ಲ ಅನ್ಸೋದು. ಆದ್ರೂ ಬೇರೆ ಊರಿರ್ಬೇಕು, ನಂಗೇನ್ ಗೊತ್ತಾಗುತ್ತೆ ಅಂತ ಸುಮ್ನಾಗಿ, ಕಂಡಕ್ಟ್ರನ್ನ ಕೇಳೋಳು. ಅವ್ನು ಅಷ್ಟು ದೊಡ್ಡ ಬೋರ್ಡಿದೆ ಕಾಣಲ್ವಾ ಅಂತ ಬೈಯೋನು. ಕಾಣ್ತಿತ್ತಲ್ಲೋ. ಸರಿಯಾಗೇ ಕಾಣ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನಾನು, ಈಗ ಹೇಳಿಕೊಡಲಾ ಎಂದು ಕೇಳಿದೆ. ಹೊಸ ಮಾರ ಮತ್ತೆ ಒಂದರಿಂದ ಬರುತ್ತಿದ್ದಾನೆ, ಅದನ್ನೇ ತಂದು ಮೊದಲಿಂದ ಓದೋಣ ಎಂದೂ ಸೇರಿಸಿದೆ.

"ಕತೆ ಬೇಡ. ಅದ್ರಲ್ಲಿ ನಂಗ್ಯಾರಿದಾರೆ? ಬೋರ್ಡ್ ಓದೋದ್ ಹೇಳ್ಕೊಡು, ಸಾಕು."

ಊಟ ಮಾಡಿಕೊಂಡು ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಗೋಪಾಲಣ್ಣನ ಅಂಗಡಿ ಇದ್ದಲ್ಲಿ ಈಗ ಮೊಬೈಲು ರಿಪೇರಿ. ಕಲ್ಲುಬೆಂಚಿನ ಮೇಲೆ ಕೂತು, ಬಂದು ನಿಂತ ಬಸ್ಸಿನ ಬೋರ್ಡನ್ನೆಲ್ಲ ಒಂದೊಂದಕ್ಷರ ಬಿಡಿಸಿ ಹೇಳುತ್ತಾ ಹೋದೆ. ಅಕ್ಕ ನಡುನಡುವೆ ತಡೆದು, "ಈ 'ನ' ಆ ಬಸ್ಸಲ್ಲಿದ್ದ 'ನ' ತಾನೇ? ಯಾವಾಗ್ಲೂ ಹಿಂಗೇ ತಾನೇ?" ಎಂದು ಕೇಳುತ್ತಿದ್ದಳು. ಹೌದು ಎನ್ನುತ್ತಿದ್ದೆ. ಹಿಂಗೇ ಇರುತ್ತಾ ಎಂದು ಮತ್ತೆ ಕೇಳುವಳು. ಹೌದಕ್ಕ, ಯಾವಾಗಲೂ. ಬಿಸಿಲು ಇಳಿಯುವ ಹೊತ್ತಿಗೆ ಹತ್ತು ಹನ್ನೆರಡು ಅಕ್ಷರ ಹಿಡಿದಿದ್ದಳು. ಅಷ್ಟು ಬೇಗ ಕಲಿತಳೆಂಬುದೇ ನನಗೆ ಹೆಚ್ಚು ಕಷ್ಟವಾಯಿತು.

ನಾವು ಏಳುವ ಹೊತ್ತಿಗೆ ಒಂದು ಬಸ್ಸು ತಿರುಗಿಕೊಂಡು ಬಂದು ನಿಂತಿತು. ನಾನು ಹೇಳಿಕೊಟ್ಟಿರದ ಬೋರ್ಡು. ಅಕ್ಕ ಬೆರಳನ್ನು ಗಾಳಿಯಲ್ಲೇ ಆಡಿಸುತ್ತಾ ತುಟಿ ಅಲುಗಿಸಿದಳು. ನೆ, ಲ, ಮಂ, ಗ, ಲ. ಮುಖದ ಮೇಲೆ ಸಣ್ಣದೊಂದು ನಗು ಬಂತು. ಆಮೇಲೆ ಬೆಂಚಿನ ಆ ತುದಿಯಲ್ಲಿ ಬ್ಯಾಗು ಹಿಡಿದು ಕೂತಿದ್ದ ಕಾಲೇಜಿನ ಹುಡುಗಿಯ ಕಡೆ ಬಾಗಿ ಕೇಳಿದಳು.

"ಏನಮ್ಮಾ, ಅದು ನೆಲಮಂಗಲ ಅಂತಾನೇ ಇರೋದಲ್ವಾ?"

ನಾನು ಈ ಪಕ್ಕದಲ್ಲೇ ಇದ್ದೆ.